ಹೆಸರು ಹಾಕದ ಫೋಟೋ

ಗೆಳತಿಯರೇ, ಇದು ನಿಮಗಷ್ಟೇ ಕಾಣುವ ಪೋಸ್ಟ್. ಇವತ್ತು ಶ್ರೀರಾಮನಗರದಲ್ಲಿ ರಕ್ತ ಕೊಟ್ಟು ಬಂದೆ. ಮುಟ್ಟಿನ ದಿನಗಳಲ್ಲಿ ಕೆಲವರಿಗೆ ಜೀವ ಹೋಗುವಂಥ ನೋವು ಯಾಕೆ ಬರುತ್ತದೆ ಎಂದು ವೈದ್ಯರು ಸಂಶೋಧನೆ ನಡೆಸುತ್ತಿದ್ದಾರೆ; ಈ ರಕ್ತ ಅದಕ್ಕೇ. ಹಣ ಕೊಟ್ಟವರು ಒಬ್ಬ ರೈಸ್ ಮಿಲ್ ಸಾಹುಕಾರರು. ಹೆಸರು ಗುಟ್ಟಾಗಿರುತ್ತದೆ ಎಂದಿದ್ದಕ್ಕೇ ನಾನು ಒಪ್ಪಿದ್ದು. ನಾಳೆ ನನ್ನನ್ನು ನೋಡಲು ವರನ ಕಡೆಯವರು ಬರುತ್ತಾರೆ. ನನ್ನ ನೋವು ಅವರಿಗೆ ಗೊತ್ತಿಲ್ಲ.

ಸೂಜಿ ತೆಗೆಯುವಷ್ಟರಲ್ಲಿ ಸಾಹುಕಾರರು ಶಾಲು ಹೊದ್ದು ಬಂದರು. "ಎಲ್ಲಾ ಹೆಣ್ಮಕ್ಕಳು ಬ್ಯಾನರ್ ಮುಂದ ನಿಂದರ್ರಿ. ಒಂದು ಫೋಟೋ ತಗದು ಊರ ವಾಟ್ಸಾಪ್ ಗ್ರೂಪಿಗೆ ಹಾಕೋಣು."

ಬ್ಯಾನರಿನ ಮೇಲೆ 'ಗರ್ಭಕೋಶದ ಕಾಯಿಲೆ' ಎಂದು ದಪ್ಪ ಅಕ್ಷರದಲ್ಲಿತ್ತು. ನಾನು ಹಿಂದಕ್ಕೆ ಸರಿದೆ.

"ಬ್ಯಾಡ್ರಿ ಸಾಹುಕಾರ್ರ, ಗುಟ್ಟಾಗಿ ಇಡ್ತೀವಂತ ಮಾತು ಕೊಟ್ಟೀವಿ," ಎಂದರು ಡಾಕ್ಟರಮ್ಮ.

"ಹೆಸರು ಎಲ್ಲಿ ಹಾಕ್ತೀವ್ರಿ? ಫೋಟೋದಾಗ ಬರೇ ಮಾರಿ ಕಾಣ್ತಾವ, ಅಷ್ಟ."

ಪಕ್ಕದಲ್ಲಿ ರಕ್ತ ಕೊಟ್ಟಿದ್ದ ಒಬ್ಬ ದೊಡ್ಡಮ್ಮ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, "ತಂಗಿ, ನನ್ನ ಹಿಂದ ನಿಂದ್ರು. ನಾ ಅಗಲ ಅದೀನಿ," ಎಂದರು.

ಫೋಟೋ ಈಗ ಗ್ರೂಪಿನಲ್ಲಿದೆ, ನಟ್ಟನಡುವೆ ಶಾಲು ಹೊದ್ದ ಸಾಹುಕಾರರು. ದೊಡ್ಡಮ್ಮನ ಭುಜದ ಹಿಂದೆ ನನ್ನ ಅರ್ಧ ಕನ್ನಡಕ ಕಾಣುತ್ತಿದೆ. ಕೆಳಗೆ, ಅದೇ ಗ್ರೂಪಿನಲ್ಲಿರುವ ವರನ ತಂದೆ ಕೈಮುಗಿದ ಚಿತ್ರ ಹಾಕಿದ್ದಾರೆ. ಅವರ ಕಣ್ಣು ಸಾಹುಕಾರರನ್ನು ಬಿಟ್ಟು ಬೇರೆ ಕಡೆ ಹೋಗದಿರಲಿ ಎಂದು ನಾನೂ ಕೈಮುಗಿದು ಕುಳಿತಿದ್ದೇನೆ.