ಬೋರಲು ಹಾಕಿದ ಲೋಟ

ಶಿವಮೊಗ್ಗದ ನಮ್ಮ ಆಫೀಸಿನಲ್ಲಿ ಕೂತು ಭದ್ರಾವತಿಯ ರಕ್ತಪರೀಕ್ಷೆ ಲ್ಯಾಬಿನ ಜಾವಾ ಸರ್ವರ್‌ಗೆ ಡಿಬಗರ್ ಜೋಡಿಸುವ ಮೊದಲು, ನಮ್ಮ ಸೀನಿಯರ್ ಮೇಡಂ ತಮ್ಮ ಸ್ಟೀಲ್ ಲೋಟವನ್ನು ಮೇಜಿನ ಮೇಲೆ ಬೋರಲು ಹಾಕುತ್ತಿದ್ದರು. ಓಡುತ್ತಿರುವ ಪ್ರೋಗ್ರಾಮನ್ನು ದೂರದಿಂದಲೇ ನಿಲ್ಲಿಸಿ, ಒಂದೊಂದೇ ಸಾಲು ನಡೆಸಿ ತಪ್ಪು ಹುಡುಕುವ ಕೆಲಸ ಅದು. ಅಲ್ಲಿ ಒಂದು ಸಲಕ್ಕೆ ಒಬ್ಬರಿಗೇ ಜಾಗ. ಯಾರಾದರೂ ಹತ್ತಿರ ಹೋದರೆ ತಿರುಗಿಯೂ ನೋಡದೆ, "ತಡಿ ಮಾರಾಯ, ಒಳಗಿದ್ದೀನಿ" ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆಯೇ ಲೋಟ ನೆಟ್ಟಗಾಗಿ ಅದಕ್ಕೆ ಕಾಫಿ ಬೀಳುತ್ತಿತ್ತು.

ಅವರು ತೀರಿಕೊಂಡ ಮುಂದಿನ ವಾರ ಲ್ಯಾಬಿನ ಆಪರೇಟರ್ ಫೋನ್ ಮಾಡಿದ. "ಸರ್, ರಿಪೋರ್ಟ್ ಬರ್ತಾನೇ ಇಲ್ಲ. ಪೇಷಂಟ್‌ಗಳು ಕಾಯ್ತಾ ಕೂತಿದ್ದಾರೆ."

ಡಿಬಗರ್ ಜೋಡಿಸಲು ನೋಡಿದೆ. ಸರ್ವರ್ ನನ್ನನ್ನು ಬಿಟ್ಟುಕೊಳ್ಳಲಿಲ್ಲ. ಆಗಲೇ ಯಾರೋ ಒಳಗಿದ್ದರು. ಪಾಸ್‌ವರ್ಡ್ ಗೊತ್ತಿದ್ದದ್ದು ನನಗೆ ಮತ್ತು ಮೇಡಂಗೆ ಮಾತ್ರ. ಪ್ರೋಗ್ರಾಮ್ ಒಂದು ಸಾಲು ನಡೆದು, ನಿಂತು, ಯೋಚಿಸಿದ ಹಾಗೆ ಮಾಡಿ, ಇನ್ನೊಂದು ಸಾಲು ನಡೆಯುತ್ತಿರುವುದು ಸರ್ವರ್ ಬರೆದಿಡುವ ಲಾಗ್‌ನಲ್ಲಿ ಕಾಣುತ್ತಿತ್ತು.

"ರೀಸ್ಟಾರ್ಟ್ ಮಾಡ್ಲಾ ಸರ್?" ಎಂದ ಆಪರೇಟರ್.

ಮೇಡಂ ಮೇಜಿನ ಕಡೆ ನೋಡಿದೆ. ಬೆಳಿಗ್ಗೆ ನಾನು ಸೇವಂತಿಗೆ ಇಟ್ಟಿದ್ದ ಲೋಟ ಬೋರಲಾಗಿತ್ತು. ಹೂವನ್ನು ಯಾರೋ ಪಕ್ಕಕ್ಕೆ ಎತ್ತಿಟ್ಟಿದ್ದರು.

"ತಡಿ ಮಾರಾಯ," ಎಂದೆ. "ಒಳಗಿದ್ದಾರೆ."