ಟ್ಯಾಂಕಿನ ಕೆಳಗೆ ಪಂಚಮಿ ಜೋಕಾಲಿ

ನಮ್ಮ ಉತ್ತರ ಕರ್ನಾಟಕದ ಕಡೆ ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣತಮ್ಮಂದಿರು ಬಂದು ತವರಿಗೆ ಕರೆದೊಯ್ಯಬೇಕು, ಉಂಡಿ ತಿನ್ನಬೇಕು, ಜೋಕಾಲಿ ಜೀಕಬೇಕು. ನಾನು ಕೆಲಸಕ್ಕಿದ್ದ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಇದನ್ನು ಯಾರಿಗೆ ತಿಳಿಸಿ ಹೇಳುವುದು? ಆ ವರ್ಷ ಹಬ್ಬ ಭಾನುವಾರ ಬಿದ್ದಿತ್ತು. ಹೋಗಿಬರಲು ಹಿಂದೆ ಮುಂದೆ ಒಂದೊಂದು ದಿನ ರಜೆ ಕೇಳಿದರೆ ಸೂಪರ್‌ವೈಸರ್, "ಗೌರಿ ಹಬ್ಬಕ್ಕೆ ತಗೊಳ್ಳಮ್ಮ, ಇದ್ಯಾವ್ ಹಬ್ಬ?" ಎಂದ. ಮೈಯೆಲ್ಲ ಉರಿದುಹೋಯಿತು. ಗಂಡ ಹೆಂಡತಿ ಇಬ್ಬರಿಗೂ ಅನ್ನ ಕೊಟ್ಟ ಬೆಂಗಳೂರಿನ ಮೇಲೆ ನನಗೆ ಪ್ರೀತಿ ಇಲ್ಲದೆ ಇರಲಿಲ್ಲ. ಆದರೆ ಪಂಚಮಿ ಗೊತ್ತಿಲ್ಲದ ಊರನ್ನು ನಮ್ಮೂರು ಎನ್ನಲು ಬಾಯಿ ಬರುತ್ತಿರಲಿಲ್ಲ. "ಈ ಸಲ ತಮ್ಮನ್ನ ಕಳಸಬ್ಯಾಡವ್ವ" ಎಂದು ಫೋನಿನಲ್ಲಿ ಹೇಳಿ, ಬಚ್ಚಲಿಗೆ ಹೋಗಿ ಅತ್ತೆ.

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಅವ್ವ! ಕಂಕುಳಲ್ಲಿ ಉಂಡಿಯ ಡಬ್ಬಿ. ಹಿಂದೆ ತಮ್ಮ, ಅವನ ಹೆಗಲಿಗೆ ದಪ್ಪನೆಯ ಹಗ್ಗ.

"ನಿನಗ ಸೂಟಿ ಇಲ್ಲಂದ್ರ ಜೋಕಾಲಿಗೂ ಸೂಟಿ ಇಲ್ಲೇನ?" ಎಂದಳು.

ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ಹಗ್ಗ ಕಟ್ಟುವಂಥ ಮರವೆಲ್ಲಿ? ತಮ್ಮ ಸೀದಾ ತಾರಸಿ ಹತ್ತಿದ. ನೀರಿನ ಟ್ಯಾಂಕು ನಾಲ್ಕು ಕಂಬಗಳ ಮೇಲೆ ನಿಂತಿತ್ತು, ಅದರ ತೊಲೆಗೇ ಹಗ್ಗ ಬಿಗಿದ. ನನ್ನ ಗಂಡ ಊಟಕ್ಕೆ ಕೂರುವ ಮಣೆ ತಂದುಕೊಟ್ಟರು. ಅಕ್ಕಪಕ್ಕದ ಬಾಡಿಗೆಯವರೆಲ್ಲ ಮೇಲೆ ಬಂದರು. ನಾನು ಕೂತು ಮುಂದೆ ಜೀಕಿದರೆ ಫ್ಯಾಕ್ಟರಿಗಳ ತಗಡು ಕಾಣುತ್ತಿತ್ತು, ಹಿಂದೆ ಬಂದರೆ ಯಾರೋ ಒಣಹಾಕಿದ ಒದ್ದೆ ಸೀರೆ ಬೆನ್ನಿಗೇ ಬಡಿಯುತ್ತಿತ್ತು.

ಗದ್ದಲ ಕೇಳಿ ಓನರ್ ಆಂಟಿ ಏದುಸಿರು ಬಿಡುತ್ತ ಬಂದರು. "ಟ್ಯಾಂಕ್ ಬಿದ್ರೆ ನಿಮ್ಮಪ್ಪ ಕಟ್ಟಿಸ್ಕೊಡ್ತಾನೇನೋ?" ಎಂದು ತಮ್ಮನ ಮೇಲೆ ಹಾರಿಬಿದ್ದರು.

ಅವ್ವ ಅವರ ಕೈಗೆ ಒಂದು ಉಂಡಿ ಇಟ್ಟು, "ಒಂದ್ ಸಲ ಕುಂತು ನೋಡ್ರಿ ಅಕ್ಕಾರ. ಆಮ್ಯಾಲ ಬೈಯ್ರಿ, ನಾವೇನ್ ಓಡಿ ಹೋಗಂಗಿಲ್ಲ" ಎಂದಳು.

ಕೂತವರು ಇಳಿಯಬೇಕಲ್ಲ! "ಏನಪ್ಪಾ, ಊಟ ಮಾಡಿಲ್ವಾ? ಜೋರಾಗ್ ತಳ್ಳು" ಎಂದು ತಮ್ಮನನ್ನೇ ಗದರಿಸಿದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸಂಜೆ ಅವ್ವ ಹೊರಟಾಗ ಅದೇ ಆಂಟಿ ಅಕ್ಕಿ, ಕಾಯಿ, ಕುಪ್ಪಸದ ಕಣ ಹಿಡಿದು ಬಂದರು. "ತಾಯಿಗೆ ಮಡ್ಲಕ್ಕಿ ಇಕ್ದೆ ಹಂಗೇ ಕಳಿಸ್ತಿದ್ದೀಯಲ್ಲಮ್ಮ!" ನಾವು ಅದನ್ನು ಉಡಿ ತುಂಬುವುದು ಎನ್ನುತ್ತೇವೆ. ತವರಿನಿಂದ ಹೊರಟ ಮಗಳಿಗೆ ತಾಯಿ ತುಂಬುವುದುಂಟು, ತಾಯಿಗೆ ಮಗಳು ತುಂಬಿದ್ದನ್ನು ನಾನು ಕಂಡಿರಲಿಲ್ಲ. ಆದರೂ ತುಂಬಿದೆ. ಅವ್ವ ಸೆರಗೊಡ್ಡಿ, ತಲೆ ತಗ್ಗಿಸಿ ನಿಂತಳು.

"ನಮ್ಮವ್ವ ಹ್ವಾದ ಮ್ಯಾಲ ಪಂಚಮಿಗೆ ನನಗ ಯಾರೂ ಉಡಿ ತುಂಬಿದ್ದಿಲ್ಲ ನೋಡ" ಎಂದಳು.

ವರ್ಷವರ್ಷ ನನ್ನನ್ನು ಕರೆಸಿಕೊಳ್ಳುತ್ತಿದ್ದವಳಿಗೆ ಹೋಗಲು ತವರಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ಅಳು ಬಂತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಎಂಟನೇ ಮೈಲಿ ಸ್ಟಾಪಿನಲ್ಲಿ ಊರಿನ ಬಸ್ಸು ಹತ್ತಿದವಳು ಕಿಟಕಿಯಿಂದ ಬಗ್ಗಿ ಕೇಳಿದಳು: "ಬರೋ ಪಂಚಮಿಗೆ ನನ್ನ ಕರಿಯಾಕ ಯಾರನ್ನ ಕಳಸ್ತಿ?"

"ನಿನ್ನ ಅಳಿಯನ್ನ ಕಳಸ್ತೀನಿ. ತಯಾರಾಗಿ ಕುಂದರು, ನಮ್ಮೂರಿಗೆ ಕರಕೊಂಡು ಬರ್ತಾನ."