ತಮ್ಮನ ಪಾಲಿನ ಕೊಡೆ

ಇಸ್ತ್ರಿಯಣ್ಣನನ್ನು ನಾನು ಮೊದಲು ಕಂಡ ದಿನವೇ ಅವರನ್ನು ನೆಲಕ್ಕೆ ಬೀಳಿಸಿದೆ. ಬೇಕೆಂದು ಬೀಳಿಸಿದ್ದಲ್ಲ. ಮಕ್ಕಳ ಶಾಲೆಯಲ್ಲಿ, ಮಕ್ಕಳು ಮನೆಗೆ ಹೋದ ಮೇಲೆ, ಓದು ಬಾರದ ದೊಡ್ಡವರಿಗೆ ಪಾಠ ಹೇಳಿಕೊಡುತ್ತಿದ್ದರು. ಕೂರುವುದು ಮಾತ್ರ ಮಕ್ಕಳ ಬೆಂಚಿನಲ್ಲೇ. ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಅವರು. ಇಬ್ಬರ ಮೊಣಕಾಲೂ ಗಲ್ಲದ ಹತ್ತಿರ. ಮೇಡಂ ನನ್ನನ್ನು ಕರೆದರು, ನಾನು ಎದ್ದೆ. ಆ ಬೆಂಚಿನ ಕಾಲುಗಳು ತುದಿಯಲ್ಲಿರದೆ ನಡುವಿನಲ್ಲಿವೆ ಎಂಬುದು ಆಮೇಲೆ ಗೊತ್ತಾಯಿತು. ನನ್ನ ಕಡೆ ಮೇಲೆದ್ದಿತು, ಅವರ ಕಡೆ ಕೆಳಗಿಳಿಯಿತು. ತಿರುಗಿ ನೋಡಿದರೆ ಅವರು ಸ್ಲೇಟಿನ ಸಮೇತ ನೆಲದ ಮೇಲಿದ್ದರು.

"ಅಕ್ಕ, ಏಳೋ ಮುಂಚೆ ಒಂದು ಮಾತು ಕೇಳಬಾರದಾ?" ಎಂದರು.

"ಕೇಳಿದ್ರೆ ಏನು ಮಾಡ್ತಿದ್ರಿ?"

"ನಾನೂ ಏಳ್ತಿದ್ದೆ."

ಅಂದಿನಿಂದ ನಮ್ಮ ಬೆಂಚಿಗೆ ಅದೇ ಪದ್ಧತಿಯಾಯಿತು. ಮೇಡಂ ಯಾರನ್ನೇ ಕರೆಯಲಿ, ನಾವಿಬ್ಬರೂ ಒಟ್ಟಿಗೆ ಎದ್ದು ಒಟ್ಟಿಗೆ ಕೂರುತ್ತಿದ್ದೆವು. ವಯಸ್ಸಿನಲ್ಲಿ ಅವರು ನನಗಿಂತ ಬಹಳ ಚಿಕ್ಕವರು. ಆದರೂ ಬೀದಿಯವರೆಲ್ಲ ಇಸ್ತ್ರಿಯಣ್ಣ ಎನ್ನುತ್ತಿದ್ದುದರಿಂದ ನಾನೂ ಹಾಗೇ ಕರೆದೆ.

ಅವರ ಅಂಗಡಿ ಎಂದರೆ ನಾಲ್ಕು ಮಹಡಿಯ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಒಂದು ಮೇಜು, ಅದರ ಮೇಲೆ ನಾಲ್ಕು ಮಡಿಕೆಯ ಕಂಬಳಿ, ಕೆಂಡ ತುಂಬುವ ಹಳೆಯ ಇಸ್ತ್ರಿ ಪೆಟ್ಟಿಗೆ, ನೀರು ಚಿಮುಕಿಸಲು ಮುಚ್ಚಳದಲ್ಲಿ ತೂತು ಮಾಡಿದ ಬಾಟಲಿ. ಮೆಟ್ಟಿಲು ತಲೆಗೆ ತಾಗುತ್ತಿದ್ದುದರಿಂದ ಅವರು ವರ್ಷಗಟ್ಟಲೆ ಕತ್ತು ಬಲಕ್ಕೆ ವಾಲಿಸಿಯೇ ನಿಂತು, ಶಾಲೆಯಲ್ಲೂ ಹಾಗೇ ಕೂರುತ್ತಿದ್ದರು. ಮೇಡಂ ಮೊದಮೊದಲು ಇವರಿಗೆ ಏನೋ ಸಂಶಯ ಬಂದಿದೆ ಎಂದುಕೊಂಡು ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದರು.

ಓದು ಕಲಿಯುವ ಆಸೆ ಯಾಕೆ ಬಂತು ಎಂದು ಒಮ್ಮೆ ಕೇಳಿದೆ. "ಕಟ್ಟಡದ ಸೆಕ್ರೆಟರಿ ನನ್ನ ತಲೆ ಮೇಲಿನ ಗೋಡೆಗೇ ನೋಟಿಸು ಅಂಟಿಸ್ತಾರಕ್ಕ. ನನ್ನ ಜಾಗ ಬಿಡಿಸೋ ಮಾತೇ ಇದ್ರೆ? ಎಲ್ಲರೂ ಓದಿ ಹೋಗ್ತಾರೆ, ನಾನೊಬ್ಬ ಅದರ ಕೆಳಗೇ ನಗ್ತಾ ನಿಂತಿರ್ತೀನಿ" ಎಂದರು. ಅಕ್ಷರ ಕೂಡಿಸಲು ಬಂದ ದಿನ ಓದಿ ನೋಡಿದರೆ ಅದು 'ಇಲ್ಲಿ ಉಗುಳಬಾರದು' ಎಂದಿತ್ತು. "ಇಷ್ಟು ವರ್ಷ ಹೆದರಿದ್ದು ಇದಕ್ಕಾ?" ಎಂದು ಅವರಿಗೆ ಬೇಜಾರೇ ಆಯಿತು.

ಮೇಡಂ ಚಿಕ್ಕ ವಯಸ್ಸಿನವರು, ಆದರೆ ಸುಲಭಕ್ಕೆ ಬಿಡುವವರಲ್ಲ. ಮಕ್ಕಳ ಪುಸ್ತಕದ ಕಥೆಯನ್ನು ನಾವು ತೊದಲುತ್ತ ಓದಿ ಮುಗಿಸಿದ ಮೇಲೆ, "ಇಂಥದ್ದು ನಿಮ್ಮ ಬೀದಿಯಲ್ಲಿ, ನಿಮ್ಮ ಮನೆಯಲ್ಲಿ ಎಲ್ಲಿ ನೋಡಿದ್ದೀರಿ? ಮುಂದಿನ ಪಾಠಕ್ಕೆ ಹೇಳಿ. ಯಾರದು ಸರಿ, ಯಾರದು ತಪ್ಪು, ಅದನ್ನೂ ಹೇಳಿ" ಎನ್ನುತ್ತಿದ್ದರು. ನಮ್ಮಲ್ಲಿ ತರಕಾರಿ ಮಾರುವವಳೊಬ್ಬಳಿದ್ದಳು. ಕಥೆ ಯಾವುದೇ ಆಗಲಿ, ಅವಳಿಗೆ ಸಿಗುತ್ತಿದ್ದುದು ಅವಳ ನಾದಿನಿಯೇ. ಗಡ್ಡ ನೋಡಿಕೊಂಡು ಜಂಬಪಟ್ಟ ಮೇಕೆ ಅವಳ ನಾದಿನಿ. ನಿದ್ದೆಬಡುಕ ಕಾವಲುಗಾರ ಅವಳ ನಾದಿನಿ. ಒಂದು ಸಲ ಪಾಠದಲ್ಲಿ ಒಣಗಿದ ಬಾವಿ ಬಂತು. "ಇದೂ ಅವಳೇ ಮೇಡಂ" ಎಂದಳು.

ಇಸ್ತ್ರಿಯಣ್ಣನದು ಬೇರೆ ಕಾಟ. ಅವರಿಗೆ ಕಥೆ ಮುಗಿಯುತ್ತಲೇ ಇರಲಿಲ್ಲ. ರಾಜ ಸಂತೋಷಪಟ್ಟು ಕುಂಬಾರನಿಗೆ ಅರ್ಧ ರಾಜ್ಯ ಕೊಟ್ಟ ಎಂದು ಓದಿದರೆ, "ಆ ಅರ್ಧದಲ್ಲಿದ್ದ ಜನರನ್ನ ಯಾರಾದ್ರೂ ಕೇಳಿದ್ರಾ ಮೇಡಂ?" ಎನ್ನುವರು. ಮೇಡಂ ನಗುತ್ತಿದ್ದರು, ಅವರಿಗೆ ಬೇಕಾದದ್ದೂ ಅದೇ.

ಹೀಗಿರುವಾಗ ಕೊಡೆಯ ಪಾಠ ಬಂತು. ಅಣ್ಣ ತಮ್ಮ ಇಬ್ಬರಿಗೂ ಸೇರಿ ಒಂದೇ ಕೊಡೆ. ಮಳೆಯಲ್ಲಿ ನೆನೆಯುತ್ತಿದ್ದ ದಾರಿಹೋಕನಿಗೆ ಅಣ್ಣ ಆ ಕೊಡೆ ಕೊಟ್ಟುಬಿಡುತ್ತಾನೆ. ಇಬ್ಬರೂ ನೆನೆದು ಮನೆಗೆ ಬರುತ್ತಾರೆ. ತಮ್ಮನಿಗೆ ಜ್ವರ ಬರುತ್ತದೆ. ಊರವರೆಲ್ಲ ಅಣ್ಣನನ್ನು ಹೊಗಳುತ್ತಾರೆ. ಅಲ್ಲಿಗೆ ಪಾಠ ಮುಗಿಯಿತು. ತಮ್ಮನ ಮಾತು ಆಮೇಲೆ ಇಲ್ಲ.

ಅವತ್ತು ಇಸ್ತ್ರಿಯಣ್ಣ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಂಗಿಯ ಅಂಚನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು. ಮೇಡಂ ಅವರ ಹಣೆ ಮುಟ್ಟಿ ನೋಡುವುದೊಂದು ಬಾಕಿ.

ಮನೆಗೆ ಹೋಗುವ ದಾರಿಯಲ್ಲಿ ನನಗೆ ಎಲ್ಲ ಹೇಳಿದರು. ನಾನು ಕಣ್ಣಾರೆ ಕಂಡದ್ದಲ್ಲ, ಅವರ ಬಾಯಿಂದ ಕೇಳಿದ್ದನ್ನೇ ಬರೆಯುತ್ತೇನೆ.

ಆ ಕಟ್ಟಡದ ಸೆಕ್ರೆಟರಿ ವಿಮೆ ಏಜೆಂಟ್. ಮೂರನೇ ಮಹಡಿ. ಅವರಿಗೆ ಒಂದೇ ಒಂದು ಕೋಟು, ಬೂದು ಬಣ್ಣದ್ದು. ಭಾನುವಾರ ಇಸ್ತ್ರಿಗೆ ಕೊಟ್ಟು, ಸೋಮವಾರ ಸಂಜೆ ಸಿಕ್ಕರೆ ಸಾಕು ಎಂದಿದ್ದರು. ಇಸ್ತ್ರಿಯಣ್ಣನ ಪಕ್ಕದ ಮನೆಯಲ್ಲಿ ಗಿರಣಿ ಮುಚ್ಚಿ ಕೆಲಸ ಹೋದವನೊಬ್ಬನಿದ್ದ. ದೊಡ್ಡ ಬಟ್ಟೆ ಅಂಗಡಿಯವರು ಸೋಮವಾರ ಬೆಳಿಗ್ಗೆ ಅವನನ್ನು ನೋಡಲು ಕರೆದಿದ್ದರು. ಅವನ ಅಂಗಿಯ ಬೆನ್ನು ನೂಲುನೂಲಾಗಿತ್ತು. ಕೋಟು ಹೇಗೂ ಸಂಜೆಯವರೆಗೆ ಸುಮ್ಮನೆ ತೂಗುತ್ತಿರುತ್ತದೆ ಎಂದು ಇವರು ಅದನ್ನು ಅವನಿಗೆ ತೊಡಿಸಿ ಕಳಿಸಿದರು. ಅವನಿಗೆ ಕೆಲಸ ಸಿಕ್ಕಿತು.

ಅಷ್ಟರಲ್ಲಿ ಏಜೆಂಟರು ಮಧ್ಯಾಹ್ನವೇ ಇಳಿದು ಬಂದರು. ಯಾವುದೋ ದೊಡ್ಡ ಕಂಪನಿಯವರು ತಟ್ಟನೆ ಬರಹೇಳಿದ್ದಾರೆ, ಕೋಟು ಕೊಡಿ ಎಂದರು.

"ಒದ್ದೆ ಬಟ್ಟೆ ಹಾಕಿ ತಿಕ್ಕಿದೀನಿ ಸಾರ್, ಇನ್ನೂ ಹಸಿ ಇದೆ. ಹಾಕಿಕೊಂಡ್ರೆ ನೆಗಡಿ ಆಗುತ್ತೆ" ಎಂದುಬಿಟ್ಟರಂತೆ ಇಸ್ತ್ರಿಯಣ್ಣ. ಏಜೆಂಟರು ಕೋಟಿಲ್ಲದೆ ಹೋದರು. ತುಂತುರು ಮಳೆ, ಗಾಳಿ. ಮಂಗಳವಾರದಿಂದ ಮೂರನೇ ಮಹಡಿಯಲ್ಲಿ ಸೀನು.

"ಮೆಟ್ಟಿಲ ಕೆಳಗೆ ಎಲ್ಲ ಕೇಳುತ್ತಕ್ಕ. ಒಂದೊಂದು ಸೀನೂ ನನ್ನ ತಲೆ ಮೇಲೇ ಬೀಳ್ತಿದೆ. ಎರಡು ದಿನ ನಾನು ಆ ಅಣ್ಣನ ಥರ ಎದೆ ಉಬ್ಬಿಸಿಕೊಂಡಿದ್ದೆ. ಇವತ್ತು ಪಾಠದಲ್ಲಿ ತಮ್ಮ ಬಂದು ಕೂತ."

"ಹೋಗಿ ಹೇಳಿಬಿಡಿ."

"ಹೇಳಿದ್ರೆ ಜಾಗ ಬಿಡಿಸ್ತಾರೆ. ಕೇಳದೆ ಬಟ್ಟೆ ಎತ್ತಿಕೊಡೋನು ಅಂತ ಗೊತ್ತಾದ ಮೇಲೆ ಯಾರು ಬಟ್ಟೆ ಕೊಡ್ತಾರೆ?" ಎಂದರು. ಆಮೇಲೆ, "ಮೊದಲು ಕ್ಲಾಸಲ್ಲಿ ಹೇಳಿ ನೋಡ್ತೀನಿ. ನಾನು ಅಂತ ಹೇಳಲ್ಲ. ಬೇರೆ ಯಾರೋ ಅಂತ ಹೇಳ್ತೀನಿ" ಎಂದರು.

ಮರುದಿನ ಎದ್ದು ನಿಂತರು. ನಾನೂ ಎದ್ದೆ, ಬೆಂಚಿನ ಪದ್ಧತಿ.

"ನನಗೆ ಗೊತ್ತಿರೋ ಒಬ್ಬ ಚಪ್ಪಲಿ ಹೊಲಿಯೋನು ಮೇಡಂ" ಎಂದು ಶುರು ಮಾಡಿದರು. "ರಿಪೇರಿಗೆ ಬಂದ ಒಬ್ಬರ ಚಪ್ಪಲೀನ ಇನ್ನೊಬ್ಬ ಬಡವನಿಗೆ ಒಂದು ಹೊತ್ತಿಗೆ ಕೊಟ್ಟ. ಒಳ್ಳೇ ಚಪ್ಪಲಿ. ಬೂದು ಬಣ್ಣ. ಒಳಗಡೆ ಲೈನಿಂಗ್, ಎರಡು ಜೇಬು..."

"ಚಪ್ಪಲಿಗೆ ಜೇಬಾ?" ಎಂದಳು ತರಕಾರಿಯವಳು.

ಇಸ್ತ್ರಿಯಣ್ಣ ನಾಲಿಗೆ ಕಚ್ಚಿಕೊಂಡರು. "ಸಣ್ಣ ಜೇಬು" ಎಂದರು.

"ಹಂಗಿರೋ ಚಪ್ಪಲಿ ನನಗೂ ಒಂದು ಜೊತೆ ಕೊಡಿಸಣ್ಣ, ಚಿಲ್ಲರೆ ಇಟ್ಕೊಳ್ಳೋಕೆ ಆಗುತ್ತೆ. ಅದಕ್ಕೆ ಕಾಲರೂ ಇತ್ತಾ?"

ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೇಡಂ ಕೂಡ ಕಪ್ಪು ಹಲಗೆಯ ಕಡೆ ತಿರುಗಿ ನಿಂತರು. ನಗು ಮುಗಿದ ಮೇಲೆ ಇಸ್ತ್ರಿಯಣ್ಣ, ಆ ಬಡವನಿಗೆ ಕೆಲಸ ಸಿಕ್ಕಿದ್ದು, ಚಪ್ಪಲಿಯವರು ಬರಿಗಾಲಲ್ಲಿ ಹೋದದ್ದು ಎಲ್ಲ ಹೇಳಿ ಮುಗಿಸಿದರು. ಮೇಡಂ ವಿಷಯ ಬಿಡಲಿಲ್ಲ. "ಸರಿ, ಚಪ್ಪಲಿ ಅಂತಲೇ ಇಟ್ಕೊಳ್ಳೋಣ. ಅವನು ಮಾಡಿದ್ದು ಸರಿಯಾ?"

ತರಕಾರಿಯವಳು ಮೊದಲು ಬಾಯಿ ಹಾಕಿದಳು. "ಸರಿ ಮೇಡಂ, ನೂರಕ್ಕೆ ನೂರು ಸರಿ. ಸುಮ್ಮನೆ ತೂಗ್ತಿದ್ದ ಚಪ್ಪಲಿಯಿಂದ ಒಬ್ಬನಿಗೆ ಅನ್ನ ಸಿಕ್ಕಿತು. ಕೊಟ್ಟೋನು ದೊಡ್ಡ ಮನುಷ್ಯ. ನಮ್ಮ ನಾದಿನೀನೂ ಇದ್ದಾಳೆ, ಹೋದ ಚಳಿಗಾಲದಲ್ಲಿ ಬಾಗಿಲಿಗೆ ಬಂದ ಮುದುಕನಿಗೆ ಕಂಬಳಿ ಕೊಟ್ಟಳು. ಬೀದಿ ಎಲ್ಲ ಅವಳನ್ನ ಹೊಗಳಿದ್ದೇ ಹೊಗಳಿದ್ದು. ಕಂಬಳಿ ಯಾರದ್ದು? ನಂದು! ಹೆಸರು ಅವಳಿಗೆ, ಚಳಿ ನನಗೆ! ಒಂದು ಮಾತು ಕೇಳಿದ್ರೆ ಅವಳ ಗಂಟು ಹೋಗ್ತಿತ್ತಾ?..."

ಅಲ್ಲಿಗೆ ನಿಂತಳು. ತಾನು ಎಲ್ಲಿಂದ ಹೊರಟು ಎಲ್ಲಿಗೆ ಬಂದೆ ಎಂದು ಅವಳಿಗೇ ಹೊಳೆಯಿತು. "ಅಯ್ಯೋ ಅಣ್ಣ," ಎಂದಳು ಮೆಲ್ಲಗೆ, "ಇದೂ ಅವಳೇ ಆಗ್ಹೋಯ್ತಲ್ಲ."

ಯಾರೂ ನಗಲಿಲ್ಲ. ಇಸ್ತ್ರಿಯಣ್ಣ, "ಕೇಳಿದ್ರೆ ಬೇಡ ಅಂತಿದ್ರು ಮೇಡಂ" ಎಂದರು.

"ಅದಕ್ಕೇ ಕೇಳಲಿಲ್ವಾ?" ಎಂದರು ಮೇಡಂ.

ಇಸ್ತ್ರಿಯಣ್ಣ ಕೂತುಬಿಟ್ಟರು. ಹೇಳದೆ ಕೂತದ್ದರಿಂದ ಬೆಂಚು ಮತ್ತೆ ಎದ್ದಿತು, ಅವರು ಮತ್ತೆ ಕೆಳಗೆ ಹೋದರು. ಈ ಸಲ ಯಾರನ್ನೂ ದೂರಲಿಲ್ಲ.

"ಅಕ್ಕ, ಬೆಳಿಗ್ಗೆ ನನ್ನ ಜೊತೆ ಮೂರನೇ ಮಹಡಿಗೆ ಬನ್ನಿ" ಎಂದರು ಹೊರಗೆ ಬಂದ ಮೇಲೆ. "ಮಾತಾಡೋದು ಬೇಡ, ನಿಂತಿದ್ರೆ ಸಾಕು. ವಯಸ್ಸಾದವರ ಎದುರಿಗೆ ಜನ ಸ್ವಲ್ಪ ಮೆಲ್ಲಗೆ ಬೈತಾರೆ."

ಹೋದೆವು. ಏಜೆಂಟರು ಕುರ್ಚಿಯಲ್ಲಿ ಕೂತು ಎರಡೂ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟುಕೊಂಡಿದ್ದರು. ಮೂಗು ಟೊಮೆಟೊ ಹಣ್ಣಾಗಿತ್ತು. ಬಾಗಿಲ ಹಿಂದಿನ ಮೊಳೆಗೆ ಆ ಕೋಟು ನೇತುಹಾಕಿತ್ತು. ಇಸ್ತ್ರಿಯಣ್ಣ ಅದರ ಕಡೆ ನೋಡದೆ, ಒಂದೇ ಉಸಿರಿಗೆ, ಒಂದನ್ನೂ ಮುಚ್ಚಿಡದೆ ಹೇಳಿದರು.

ಏಜೆಂಟರು ರೇಗಿ ಏಳಲು ಹೋದರು. ಕಾಲು ಬಕೆಟ್ಟಿನಲ್ಲಿತ್ತು, ಮತ್ತೆ ಕೂತರು. ಆಮೇಲೆ ಅವರ ಮುಖ ಬೇರೆ ಥರವಾಯಿತು.

"ತಡೀರಿ. ಅವತ್ತು ಬಸ್ ಸ್ಟಾಪಲ್ಲಿ ನನಗೊಬ್ಬ ಸಿಕ್ಕಿದ್ದ. ಬಟ್ಟೆ ಅಂಗಡೀಲಿ ಕೆಲಸ ಅಂದ. ಅಲ್ಲೇ ಅವನಿಗೊಂದು ವಿಮೆ ಮಾಡಿಸಿದೆ. ಅವನ ಮೈ ಮೇಲೆ ಇದ್ದದ್ದು..."

"ನಿಮ್ಮದೇ ಸಾರ್."

"ಭುಜದ ಹತ್ತಿರ ಅಷ್ಟು ಚೆನ್ನಾಗಿ ಕೂತಿತ್ತಲ್ಲ?"

"ಅದೇ ಸಾರ್."

ಒಳಗಿನಿಂದ ಅವರ ಹೆಂಡತಿ ನಗುತ್ತ ಬಂದರು. "ಆ ಕೋಟಿನ ವರ್ಣನೆ ಕೇಳೀ ಕೇಳೀ ನನ್ನ ಕಿವಿ ತೂತಾಯ್ತು. 'ಕೋಟು ಅಂದ್ರೆ ಅದು ಕಣೇ, ನಂದೂ ಒಂದು ಕೋಟಾ' ಅಂತ!"

"ನಗಬೇಡ" ಎಂದರು ಏಜೆಂಟರು. ಆ ಮಾತಿನಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. ಆಕೆ ನಗು ನಿಲ್ಲಿಸಿದರು. "ಅವತ್ತು ಕೋಟಿಲ್ಲದೆ ಆ ಕಂಪನಿಗೆ ಹೋದೆ. ಸಾಮಾನು ತಂದೋನು ಅಂದ್ಕೊಂಡು ಹಿಂದಿನ ಬಾಗಿಲಿಗೆ ಕಳಿಸಿದ್ರು. ಮಳೇಲಿ ಅಲ್ಲೇ ನಿಂತಿದ್ದು ವಾಪಸ್ ಬಂದೆ. ಇದನ್ನ ಇವಳಿಗೂ ಹೇಳಿರಲಿಲ್ಲ." ಸೀನಿದರು. "ಒಂದು ಮಾತು ಕೇಳಬಾರದಿತ್ತಾ?"

ಇಸ್ತ್ರಿಯಣ್ಣ ನನ್ನ ಕಡೆ ನೋಡಿದರು. ಬೆಂಚಿನಿಂದ ಬಿದ್ದ ದಿನ ಅವರೇ ಆಡಿದ ಮಾತು.

"ಕೇಳಿದ್ರೆ ಕೊಡ್ತಿದ್ರಾ ಸಾರ್?"

ಏಜೆಂಟರು ಬಕೆಟ್ಟಿನ ನೀರು ನೋಡುತ್ತ ಯೋಚಿಸಿದರು. "ಕೊಡ್ತಿದ್ದೆ ಅಂತ ಹೇಳೋಕೆ ಆಸೆ. ಕೊಡ್ತಿರಲಿಲ್ಲ."

"ಅದಕ್ಕೇ ಕೇಳಲಿಲ್ಲ ಸಾರ್. ಅದೇ ತಪ್ಪು ಅಂತ ನಿನ್ನೆ ಕ್ಲಾಸಲ್ಲಿ ತೀರ್ಮಾನ ಆಯ್ತು."

"ಕ್ಲಾಸಲ್ಲಾ? ನನ್ನ ಕೋಟಿನ ವಿಷಯ ಶಾಲೇಲಿ ಹೇಳಿದ್ರಾ?"

"ಕೋಟು ಅನ್ನಲಿಲ್ಲ ಸಾರ್. ಚಪ್ಪಲಿ ಅಂದೆ."

ಏಜೆಂಟರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ಇಸ್ತ್ರಿಯಣ್ಣ ಮಾತ್ರ ಅಲ್ಲಾಡದೆ ನಿಂತು, "ಜಾಗ ಖಾಲಿ ಮಾಡಲಾ ಸಾರ್?" ಎಂದು ಕೇಳಿದರು.

"ಯೋಚನೆ ಮಾಡ್ತೀನಿ" ಎಂದಷ್ಟೇ ಉತ್ತರ ಬಂತು.

ಮರುದಿನ ಬೆಳಿಗ್ಗೆ ಇಸ್ತ್ರಿಯಣ್ಣ ನನಗೆ ಹೇಳಿಕಳಿಸಿದರು. ಮೆಟ್ಟಿಲ ಕೆಳಗಿನ ಗೋಡೆಯಲ್ಲಿ ಹೊಸ ನೋಟಿಸು, ಅಂಟು ಇನ್ನೂ ಹಸಿ. ಇದನ್ನು ಓದಲೆಂದೇ ಅಕ್ಷರ ಕಲಿತ ಮನುಷ್ಯ ಗೋಡೆಗೆ ಬೆನ್ನು ಹಾಕಿ ನಿಂತಿದ್ದರು. "ಅಕ್ಷರ ಎಲ್ಲ ಕುಣೀತಿವೆ ಅಕ್ಕ, ನೀವೇ ಓದಿ." ನಾನು ಓದುವುದು ಬೆರಳಿಟ್ಟು, ಒಂದೊಂದೇ ಅಕ್ಷರ. 'ನಿವಾಸಿಗಳು' ಮುಗಿಸುವಷ್ಟರಲ್ಲಿ ಅವರು ಪೆಟ್ಟಿಗೆಯ ಕೆಂಡ ಆರಿಸಿ ಬೂದಿ ಕೊಡವಿದರು. 'ತಮ್ಮ ತಮ್ಮ ಬಟ್ಟೆಗಳನ್ನು' ಎನ್ನುವಾಗ ಕಂಬಳಿ ಸುತ್ತಿಟ್ಟರು. 'ಚೆನ್ನಾಗಿ ಗುರುತಿಟ್ಟುಕೊಂಡೇ ಇಸ್ತ್ರಿಗೆ ಕೊಡತಕ್ಕದ್ದು' ಎಂದಾಗ ಕೈ ನಿಂತಿತು. 'ಇಸ್ತ್ರಿಯವರು ಕೇಳದೆ ಯಾರ ಬಟ್ಟೆಯನ್ನೂ ಯಾರಿಗೂ ಕೊಡತಕ್ಕದ್ದಲ್ಲ.' ಅಷ್ಟೇ.

"ಅಂದ್ರೆ?" ಎಂದರು.

"ಇಸ್ತ್ರಿಯವರು ಅಂತ ಬರೆದಿದ್ದಾರೆ. ಇಲ್ಲದೇ ಇರೋರಿಗೆ ಯಾರು ನಿಯಮ ಬರೀತಾರೆ?"

ಅವರು ಸುತ್ತಿಟ್ಟ ಕಂಬಳಿಯ ಮೇಲೇ ಕೂತು ಸ್ವಲ್ಪ ಹೊತ್ತು ಕಣ್ಣು ಒರೆಸಿಕೊಂಡರು. ಬೂದಿ ಹಾರಿತು ಎಂದರು. ಬೂದಿ ಹಾರಿರಲೂಬಹುದು.

ಅಲ್ಲಿಂದ ಕಟ್ಟಡದವರಿಗೆ ಹೊಸ ಕಷ್ಟ. ಇಸ್ತ್ರಿಯಣ್ಣ ಪ್ರತಿಯೊಂದಕ್ಕೂ ಕೇಳತೊಡಗಿದರು. ಸಡಿಲವಾದ ಗುಂಡಿ ಬಿಗಿ ಮಾಡಲೇ ಎಂದು ನಾಲ್ಕನೇ ಮಹಡಿ ಹತ್ತುವರು. "ಸಾರ್, ನಿಮ್ಮ ಅಂಗಿ ಮೇಲೆ ನೊಣ ಕೂತಿದೆ, ಓಡಿಸಲಾ?" ಎಂದು ಕೆಳಗಿನಿಂದ ಕೂಗಿದ್ದನ್ನು ನಾನೇ ಕೇಳಿದ್ದೇನೆ. ಮುಂದೊಮ್ಮೆ ಇನ್ನೊಬ್ಬನಿಗೆ ಕೋಟು ಬೇಕಾಗಿ ಏಜೆಂಟರನ್ನು ಕೇಳಿಯೇಬಿಟ್ಟರು. ಅವರು ಕೊಡುವುದಿಲ್ಲ ಎಂದರು. ಇಸ್ತ್ರಿಯಣ್ಣ ಏನೋ ಗೆದ್ದವರಂತೆ ಇಳಿದು ಬಂದರು. "ಬೇಡ ಅಂದ್ರು ಅಕ್ಕ! ಕೇಳಿದೆ, ಬೇಡ ಅಂದ್ರು!"

ಕೋಟು ಬೇಕಿದ್ದವನಿಗೆ ಕೆಲಸ ಸಿಗಲಿಲ್ಲ. ಅದನ್ನೂ ಇಲ್ಲಿ ಬರೆಯಲೇಬೇಕು.

ಕೆಲವು ವರ್ಷಗಳ ಮೇಲೆ ಅವರ ಬಲಗೈಗೆ ಪೆಟ್ಟಿಗೆ ಎತ್ತಲಾಗದೆ ಹೋಯಿತು. ದೂರದ ಊರಿನಲ್ಲಿ ತಂಗಿ ಕಿರಾಣಿ ಅಂಗಡಿ ಇಟ್ಟಿದ್ದಳು. ಗಲ್ಲಾದ ಹತ್ತಿರ ಕೂರಲು ಬಾ ಎಂದಳು. ನಾನು, ಮೇಡಂ, ತರಕಾರಿಯವಳು ಬಸ್ಸು ಹತ್ತಿಸಲು ಹೋದೆವು. ಏಜೆಂಟರೂ ಬಂದಿದ್ದರು, ಕೋಟು ಹಾಕಿಕೊಂಡು. ಬಸ್ಸಿನ ಬೋರ್ಡನ್ನು ಇಸ್ತ್ರಿಯಣ್ಣ ತಾವೇ ಓದಿ, ಎರಡನೇ ಸಲ ಓದಿ, ಹತ್ತಿದರು. ಕಿಟಕಿ ಪಕ್ಕ ಕೂತರು, ಕತ್ತು ಬಲಕ್ಕೆ ವಾಲಿಸಿಕೊಂಡು. ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟ ಮೇಲೆ ಅವರಿಗೆ ಏನೋ ನೆನಪಾಗಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಊಟ ಕಟ್ಟಿಕೊಂಡದ್ದು ಮರೆತರೇನೋ ಎಂದು ನಾನು ಹಿಂದೆಯೇ ನಾಲ್ಕು ಹೆಜ್ಜೆ ಓಡಿದೆ.

"ಅಕ್ಕ," ಎಂದು ಕೂಗಿದರು, "ಆ ಪಾಠದ ತಮ್ಮನಿಗೆ ಜ್ವರ ಬಿಡ್ತೋ ಇಲ್ವೋ?"